ಮನೆಯ ಕರುವೇ ಮೊದಲು ಸಂತೆಗೆ: ಫುಟ್‌ಬಾಲ್ ವರ್ಗಾವಣೆಯ ಗಾಳಿಸುದ್ದಿ ಮತ್ತು ಕ್ಲಬ್‌ಗಳ ಲೆಕ್ಕದ ಪುಸ್ತಕ

2024ರ ಜೂನ್ ಕೊನೆಯ ವಾರ ಇಂಗ್ಲೆಂಡಿನ ಫುಟ್‌ಬಾಲ್ ಸುದ್ದಿ ಓದುತ್ತಿದ್ದವರಿಗೆ ಕೆಲವು ವ್ಯಾಪಾರಗಳ ತಲೆಬುಡ ತಿಳಿಯಲಿಲ್ಲ. ನ್ಯೂಕಾಸಲ್ ಯುನೈಟೆಡ್ ತನ್ನ ಅಕಾಡೆಮಿಯಲ್ಲೇ (ಎಳೆಯ ಆಟಗಾರರನ್ನು ಪಳಗಿಸುವ ಶಾಲೆ) ಬೆಳೆದ 21 ವರ್ಷದ ಎಲಿಯಟ್ ಆ್ಯಂಡರ್ಸನ್ ಅವರನ್ನು ಸುಮಾರು 3.5 ಕೋಟಿ ಪೌಂಡ್‌ಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಮಾರಿತು. ಅದೇ ಹೊತ್ತಿಗೆ ಅದೇ ಫಾರೆಸ್ಟ್‌ನಿಂದ ಒಡಿಸ್ಸಿಯಸ್ ವ್ಲಾಹೊಡಿಮೊಸ್ ಎಂಬ ಗೋಲ್‌ಕೀಪರನ್ನು ಸುಮಾರು 2 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಆ ಗೋಲ್‌ಕೀಪರ್ ಮುಂದಿನ ಋತುವಿನಲ್ಲಿ ನ್ಯೂಕಾಸಲ್ ಪರ ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನ ಒಂದು ಪಂದ್ಯವನ್ನೂ ಆಡಲಿಲ್ಲ. ಎವರ್ಟನ್‌ನ ಲೂಯಿಸ್ ಡಾಬಿನ್ ಆ್ಯಸ್ಟನ್ ವಿಲ್ಲಾಕ್ಕೆ ಹೋದರು, ವಿಲ್ಲಾದ ಟಿಮ್ ಇರೋಗ್ಬುನಮ್ ಎವರ್ಟನ್‌ಗೆ ಬಂದರು. ಡಾಬಿನ್ ಅವರನ್ನು ವಿಲ್ಲಾ ಎರಡು ತಿಂಗಳೊಳಗೆ ವೆಸ್ಟ್ ಬ್ರಾಮ್‌ಗೆ ಲೋನ್ ಮೇಲೆ, ಅಂದರೆ ಕೆಲ ಕಾಲಕ್ಕೆ ಎರವಲಾಗಿ, ಕಳಿಸಿಬಿಟ್ಟಿತು. ಇನ್ನೊಂದೆಡೆ ಚೆಲ್ಸಿಯ ಇಯಾನ್ ಮಾಟ್ಸನ್ ವಿಲ್ಲಾಕ್ಕೆ, ವಿಲ್ಲಾದ ಓಮರಿ ಕೆಲಿಮನ್ ಚೆಲ್ಸಿಗೆ.

ಯಾವ ತಂಡಕ್ಕೆ ಯಾವ ಜಾಗದಲ್ಲಿ ಆಟಗಾರ ಬೇಕಿತ್ತು ಎಂದು ಹುಡುಕುತ್ತಾ ಹೋದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಉತ್ತರವಿರುವುದು ತಾರೀಕಿನಲ್ಲಿ. ಬಹುತೇಕ ಇಂಗ್ಲಿಷ್ ಕ್ಲಬ್‌ಗಳ ಲೆಕ್ಕದ ವರ್ಷ ಮುಗಿಯುವುದು ಜೂನ್ 30ಕ್ಕೆ. ಆ ದಿನದೊಳಗೆ ಕ್ಲಬ್‌ನ ನಷ್ಟ ಲೀಗ್ ಹಾಕಿದ ಮಿತಿಯೊಳಗೆ ಬರಬೇಕಿತ್ತು. ಈಗ ಆ ಲೆಕ್ಕದ ನಿಯಮವೇ ಬದಲಾಗುತ್ತಿದೆ. 2025ರ ನವೆಂಬರ್ 21ರಂದು ಪ್ರೀಮಿಯರ್ ಲೀಗ್ ಕ್ಲಬ್‌ಗಳು 14-6 ಮತಗಳಿಂದ ಹೊಸ ವೆಚ್ಚ ಮಿತಿಯೊಂದನ್ನು 2026-27ರ ಋತುವಿನಿಂದ ಜಾರಿಗೆ ತರಲು ಒಪ್ಪಿದವು. ಹಳೆಯ ನಿಯಮ ಏನು ಮಾಡಿಸಿತು ಎಂಬುದು ತಿಳಿದರೆ, ಹೊಸದು ಏನು ಮಾಡಿಸಬಹುದು ಎಂದು ಊಹಿಸುವುದು ಕಷ್ಟವಲ್ಲ.

ದುಡ್ಡು ಯಾರ ಜೇಬಿಗೆ?

ಐಪಿಎಲ್ ಹರಾಜು ನೋಡಿ ಅಭ್ಯಾಸವಾದವರು ಮೊದಲು ಎಡವುವುದು ಇಲ್ಲಿ. 2024ರ ನವೆಂಬರಿನಲ್ಲಿ ಜೆಡ್ಡಾದ ಹರಾಜಿನಲ್ಲಿ ರಿಷಭ್ ಪಂತ್ ಅವರಿಗೆ ಲಖನೌ ತಂಡ ಕೂಗಿದ 27 ಕೋಟಿ ರೂಪಾಯಿ ಪಂತ್ ಅವರಿಗೇ ಸೇರುವ ಸಂಭಾವನೆ. ಅವರು ಅದುವರೆಗೆ ಆಡುತ್ತಿದ್ದ ದೆಹಲಿ ತಂಡಕ್ಕೆ ಅದರಲ್ಲಿ ಬಿಡಿಗಾಸೂ ಇಲ್ಲ. ಫುಟ್‌ಬಾಲ್‌ನಲ್ಲಿ ಸುದ್ದಿಯಾಗುವ ಮೊತ್ತ ಹೋಗುವುದು ಹಳೆಯ ಕ್ಲಬ್‌ಗೆ. ಆಟಗಾರ ಇನ್ನೂ ಆ ಕ್ಲಬ್‌ನ ಒಪ್ಪಂದದಲ್ಲಿರುತ್ತಾನೆ. ಅವಧಿಗೆ ಮುಂಚೆ ಅವನನ್ನು ಬಿಡಿಸಿಕೊಳ್ಳಲು ಕೊಡುವ ಪರಿಹಾರವೇ ವರ್ಗಾವಣೆ ಶುಲ್ಕ. ಸಂಬಳ, ಸಹಿ ಹಾಕಿದ್ದಕ್ಕೆ ಕೊಡುವ ಹಣ, ಏಜೆಂಟನ ಕಮಿಷನ್ ಎಲ್ಲ ಅದರ ಮೇಲೆ. 2023ರ ನವೆಂಬರಿನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್‌ನಿಂದ ಮುಂಬೈಗೆ ಹೋದ ‘ಟ್ರೇಡ್’ ನೆನಪಿದ್ದರೆ, ಫುಟ್‌ಬಾಲ್ ವ್ಯಾಪಾರಕ್ಕೆ ಹರಾಜಿಗಿಂತ ಅದೇ ಹತ್ತಿರದ ಹೋಲಿಕೆ.

ಒಪ್ಪಂದ ಮುಗಿದರೆ? ಆಗ ಹಳೆಯ ಕ್ಲಬ್‌ಗೆ ಹಕ್ಕಿಲ್ಲ. ಇದು ಮೊದಲು ಹೀಗಿರಲಿಲ್ಲ. ಬೆಲ್ಜಿಯಂನ ಜಾನ್-ಮಾರ್ಕ್ ಬಾಸ್‌ಮನ್ ಎಂಬ ಆಟಗಾರ, ಒಪ್ಪಂದ ಮುಗಿದ ಮೇಲೂ ಲಿಯೆಜ್ ಕ್ಲಬ್ ತನ್ನನ್ನು ಬಿಡುತ್ತಿಲ್ಲವೆಂದು ಕೋರ್ಟ್ ಹತ್ತಿದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಅಂದಿನಿಂದ ಒಪ್ಪಂದದಲ್ಲಿ ಉಳಿದ ವರ್ಷಗಳೇ ಆಟಗಾರನ ಬೆಲೆಯನ್ನು ಹಿಡಿದಿಟ್ಟಿವೆ.

ಕೊಂಡ ಎತ್ತು, ಕೊಟ್ಟಿಗೆಯ ಕರು

ಒಬ್ಬ ರೈತ ಸಂತೆಯಲ್ಲಿ 1 ಲಕ್ಷ ರೂಪಾಯಿಗೆ ಎತ್ತು ಕೊಂಡ ಅನ್ನೋಣ. ಐದು ವರ್ಷ ದುಡಿಯುತ್ತದೆ ಎಂದು ಲೆಕ್ಕ ಹಾಕಿ, ವರ್ಷಕ್ಕೆ 20 ಸಾವಿರದಂತೆ ಖರ್ಚು ಬರೆದುಕೊಳ್ಳುತ್ತಾನೆ. ಎರಡು ವರ್ಷದ ನಂತರ ಪುಸ್ತಕದಲ್ಲಿ ಅದರ ಬೆಲೆ 60 ಸಾವಿರ. ಆಗ 80 ಸಾವಿರಕ್ಕೆ ಮಾರಿದರೆ ಕೈಗೆ ಬಂದದ್ದು 80 ಸಾವಿರವಾದರೂ ಪುಸ್ತಕದಲ್ಲಿ ಕಾಣುವ ಲಾಭ 20 ಸಾವಿರ ಮಾತ್ರ. ಅದೇ ಕೊಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಕರುವನ್ನು 80 ಸಾವಿರಕ್ಕೆ ಮಾರಿದರೆ ಅಷ್ಟೂ ಲಾಭ. ಕೊಂಡದ್ದಲ್ಲವಲ್ಲ, ಕಳೆಯಲು ಏನೂ ಇಲ್ಲ.

ಕ್ಲಬ್‌ಗಳ ಲೆಕ್ಕವೂ ಹೀಗೇ. ಕೊಂಡ ಆಟಗಾರನ ಶುಲ್ಕವನ್ನು ಅವನ ಒಪ್ಪಂದದ ವರ್ಷಗಳಿಗೆ ಹಂಚಿ ಖರ್ಚು ತೋರಿಸುತ್ತಾರೆ. ಇದನ್ನೇ ಅಮಾರ್ಟೈಸೇಷನ್ ಅನ್ನುವುದು. ಮಾರಿದಾಗ ಮಾತ್ರ ಲಾಭವನ್ನೆಲ್ಲ ಒಂದೇ ಏಟಿಗೆ ಆ ವರ್ಷಕ್ಕೆ ಬರೆದುಕೊಳ್ಳಬಹುದು. ದುಡ್ಡು ನಿಜಕ್ಕೂ ಮೂರ್ನಾಲ್ಕು ಕಂತುಗಳಲ್ಲಿ ಬಂದರೂ ಅದು ಬೇರೆ ಮಾತು. ಅಕಾಡೆಮಿಯ ಹುಡುಗನ ಪುಸ್ತಕದ ಬೆಲೆ ಸೊನ್ನೆ. ಆದ್ದರಿಂದ ಅವನಿಗೆ ಬಂದ ಮೊತ್ತ ‘ಶುದ್ಧ ಲಾಭ’. ಇಂಗ್ಲಿಷ್ ಫುಟ್‌ಬಾಲ್ ಹರಟೆಯಲ್ಲಿ ಈಗ ಈ ಮಾತು ಕೇಳದ ದಿನವಿಲ್ಲ. ಇನ್ನೊಂದು ಸ್ವಾರಸ್ಯವೆಂದರೆ ಕರುವಿನ ಮೇವಿನ ಖರ್ಚನ್ನೂ ಲೀಗ್‌ನ ನಿಯಮ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಕಾಡೆಮಿ, ಮಹಿಳಾ ತಂಡ, ಮೈದಾನದ ಕಾಮಗಾರಿ ಇವುಗಳ ವೆಚ್ಚಕ್ಕೆ ವಿನಾಯಿತಿ ಇದೆ.

ಈಗ ನ್ಯೂಕಾಸಲ್–ಫಾರೆಸ್ಟ್ ವ್ಯಾಪಾರವನ್ನು ಮತ್ತೆ ನೋಡಿ. ಕೈಯಿಂದ ಕೈಗೆ ಹೋದ ನಿಜವಾದ ವ್ಯತ್ಯಾಸ ಸುಮಾರು 1.5 ಕೋಟಿ ಪೌಂಡ್. ಪುಸ್ತಕದಲ್ಲಿ ಮಾತ್ರ ನ್ಯೂಕಾಸಲ್‌ಗೆ ಆ ಜೂನ್‌ನಲ್ಲೇ 3.5 ಕೋಟಿಯ ಲಾಭ. ಗೋಲ್‌ಕೀಪರ್‌ಗೆ ಕೊಟ್ಟ 2 ಕೋಟಿಯನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 50 ಲಕ್ಷ, ಅದೂ ಮುಂದಿನ ವರ್ಷಗಳ ತಲೆಗೆ. ಫಾರೆಸ್ಟ್ ಕೂಡ ತಾನು ಮಾರಿದ ಗೋಲ್‌ಕೀಪರ್‌ನ ಲಾಭವನ್ನು ಈ ವರ್ಷಕ್ಕೆ ಬರೆದುಕೊಂಡು, ಆ್ಯಂಡರ್ಸನ್ ಖರ್ಚನ್ನು ಮುಂದಕ್ಕೆ ತಳ್ಳಿತು. ಇಬ್ಬರಿಗೂ ಆ ವರ್ಷ ಪುಸ್ತಕ ಹಗುರ. ಇಂಥ ವಿನಿಮಯದಲ್ಲಿ ಬೆಲೆ ಸ್ವಲ್ಪ ಉಬ್ಬಿದರೂ ಇಬ್ಬರಿಗೂ ನಷ್ಟವಿಲ್ಲ ಎಂಬುದನ್ನು ಓದುಗರೇ ಗಮನಿಸಬಹುದು.

ಇಷ್ಟು ಅವಸರ ಯಾಕೆ?

2008ರಲ್ಲಿ ಎಫ್‌ಎ ಕಪ್ ಗೆದ್ದ ಪೋರ್ಟ್ಸ್‌ಮತ್ ಕ್ಲಬ್ ಎರಡೇ ವರ್ಷಕ್ಕೆ ಸಾಲದಲ್ಲಿ ಮುಳುಗಿ, 2010ರ ಫೆಬ್ರವರಿಯಲ್ಲಿ ದಿವಾಳಿ ಆಡಳಿತಕ್ಕೆ ಒಳಪಟ್ಟಿತು. ಪ್ರೀಮಿಯರ್ ಲೀಗ್‌ನಲ್ಲಿದ್ದಾಗಲೇ ಆ ಗತಿಗೆ ಬಂದ ಮೊದಲ ಕ್ಲಬ್ ಅದು. ಒಂಬತ್ತು ಅಂಕ ಕಳೆದುಕೊಂಡು ಕೆಳಗಿನ ಲೀಗ್‌ಗೆ ಇಳಿಯಿತು. ಮಾಲೀಕರ ಶೋಕಿಗೆ ಊರಿನ ಕ್ಲಬ್ ಬಲಿಯಾಗಬಾರದು ಎಂಬ ಕಾಳಜಿಯಿಂದ 2013-14ರಲ್ಲಿ ಲಾಭ-ನಷ್ಟದ ನಿಯಮ ಬಂತು. ಮೂರು ವರ್ಷಗಳಲ್ಲಿ ಒಟ್ಟು ನಷ್ಟ 10.5 ಕೋಟಿ ಪೌಂಡ್ ಮೀರಬಾರದು, ಅದರಲ್ಲೂ ದೊಡ್ಡ ಪಾಲನ್ನು ಮಾಲೀಕರು ಬಂಡವಾಳವಾಗಿ ತುಂಬಿಕೊಡಬೇಕು. ಕೆಳಗಿನ ಲೀಗ್‌ನಲ್ಲಿ ಕಳೆದ ವರ್ಷಗಳಿಗೆ ಮಿತಿ ಇನ್ನೂ ಕಡಿಮೆ.

ಹತ್ತು ವರ್ಷ ಈ ನಿಯಮಕ್ಕೆ ಯಾರೂ ಅಷ್ಟಾಗಿ ಹೆದರಿರಲಿಲ್ಲ. 2023ರ ನವೆಂಬರಿನಲ್ಲಿ ಎವರ್ಟನ್‌ನ ಹತ್ತು ಅಂಕ ಕಿತ್ತುಕೊಂಡಾಗ ಎಲ್ಲರ ಎದೆ ಧಸಕ್ಕೆಂದಿತು. ಮೇಲ್ಮನವಿಯಲ್ಲಿ ಅದು ಆರಕ್ಕೆ ಇಳಿಯಿತು, ಮುಂದಿನ ಏಪ್ರಿಲ್‌ನಲ್ಲಿ ಇನ್ನೊಂದು ಪ್ರಕರಣಕ್ಕೆ ಮತ್ತೆ ಎರಡು ಅಂಕ ಹೋಯಿತು. ದಂಡವಾದರೆ ಶ್ರೀಮಂತ ಮಾಲೀಕ ಕಟ್ಟಿ ಮರೆಯಬಹುದು, ಅಂಕ ಹೋದರೆ ಲೀಗ್‌ನಿಂದಲೇ ಇಳಿಯುವ ಭಯ. 2024ರ ಜೂನ್‌ನ ಆ ಧಾವಂತ ಹುಟ್ಟಿದ್ದು ಇಲ್ಲಿಂದ.

ಎರಡು ತಿಂಗಳು ಕಾದದ್ದಕ್ಕೆ ನಾಲ್ಕು ಅಂಕ

ಜೂನ್ 30ರ ಮಹಿಮೆ ತಿಳಿಯಲು ಫಾರೆಸ್ಟ್ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. 2022ರಲ್ಲಿ ಮೇಲಿನ ಲೀಗ್‌ಗೆ ಬಂದ ಈ ಕ್ಲಬ್ ಹೊಸ ಆಟಗಾರರನ್ನು ರಾಶಿ ರಾಶಿಯಾಗಿ ಕೊಂಡಿತ್ತು. ಹಿಂದಿನ ಎರಡು ವರ್ಷ ಕೆಳಗಿನ ಲೀಗ್‌ನಲ್ಲಿ ಇದ್ದುದರಿಂದ ಅದರ ನಷ್ಟದ ಮಿತಿ 6.1 ಕೋಟಿ ಪೌಂಡ್ ಮಾತ್ರ. ಮಿತಿಯೊಳಗೆ ಬರಲು ಯಾರನ್ನಾದರೂ ಮಾರಲೇಬೇಕು. ಕೈಯಲ್ಲಿದ್ದ ಚಿನ್ನ ಬ್ರೆನನ್ ಜಾನ್ಸನ್, ಎಂಟು ವರ್ಷದವನಿದ್ದಾಗ ಅಕಾಡೆಮಿ ಸೇರಿದ ನಾಟಿಂಗ್‌ಹ್ಯಾಮ್‌ನ ಹುಡುಗ.

2023ರ ಜೂನ್ 30ರ ಮೊದಲೇ ಅವರಿಗೆ ಕಡಿಮೆ ಬೆಲೆಯ ಕೋರಿಕೆಗಳು ಬಂದಿದ್ದವು. ಫಾರೆಸ್ಟ್ ಒಪ್ಪಲಿಲ್ಲ. ವರ್ಗಾವಣೆಯ ಕೊನೆಯ ದಿನ, ಸೆಪ್ಟೆಂಬರ್ 1ರಂದು, ಟಾಟನ್‌ಹ್ಯಾಮ್ 4.75 ಕೋಟಿ ಪೌಂಡ್ ಕೊಟ್ಟು ಅವರನ್ನು ಕರೆದುಕೊಂಡಿತು. ವ್ಯಾಪಾರದ ದೃಷ್ಟಿಯಿಂದ ಜಾಣತನ: ಎರಡು ತಿಂಗಳು ಕಾದು ಹೆಚ್ಚು ಪಡೆದರು. ಆದರೆ ಲೆಕ್ಕದ ವರ್ಷ ಆಗಲೇ ಮುಗಿದಿತ್ತು. ಹಿಂದಿನ ಮೂರು ವರ್ಷಗಳ ಲೆಕ್ಕದಲ್ಲಿ ಫಾರೆಸ್ಟ್ ಮಿತಿಯನ್ನು 3.45 ಕೋಟಿ ಪೌಂಡ್ ಮೀರಿತ್ತು. ಜಾನ್ಸನ್ ಮಾರಾಟ ಜೂನ್‌ನಲ್ಲಿ ಇದೇ ಬೆಲೆಗೆ ಆಗಿದ್ದರೆ ಆ ಹಳ್ಳ ಪೂರ್ತಿ ತುಂಬುತ್ತಿತ್ತು. ಕ್ಲಬ್‌ನ ಹಿತಕ್ಕಾಗಿಯೇ ಕಾದೆವು, ಕಡಿಮೆ ಬೆಲೆಗೆ ಮಾರಿಸುವುದು ನಿಯಮದ ಉದ್ದೇಶವೇ ಎಂದು ಫಾರೆಸ್ಟ್ ವಾದಿಸಿತು. ವಿಚಾರಣಾ ಆಯೋಗ ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ನಾಲ್ಕು ಅಂಕ ಕಡಿತವಾಯಿತು, ಮೇಲ್ಮನವಿಯೂ ಬಿದ್ದುಹೋಯಿತು.

ಎರಡೂ ಕಡೆ ನ್ಯಾಯವಿದೆ ಅನ್ನಿಸುವುದು ಸಹಜ. ಉಳಿದ ಕ್ಲಬ್‌ಗಳು ಸಮಯಕ್ಕೆ ಸರಿಯಾಗಿ ತಮ್ಮವರನ್ನು ಮಾರಿ ಮಿತಿ ಪಾಲಿಸಿದ್ದರೆ, ಪಾಲಿಸದವರಿಗೆ ಆ ಋತುವಿನಲ್ಲಿ ಅನುಕೂಲವಾದದ್ದು ನಿಜ. ಇನ್ನೊಂದೆಡೆ, ತಾರೀಕೊಂದು ಗೊತ್ತಿದ್ದರೆ ಕೊಳ್ಳುವವನು ಜೂನ್ 29ರವರೆಗೆ ಚೌಕಾಸಿ ಮಾಡುತ್ತಾ ಕೂರುತ್ತಾನೆ. ಹಬ್ಬದ ಹಿಂದಿನ ಸಂಜೆ ಹೂ ಮಾರುವವನ ಸ್ಥಿತಿ ಮಾರುವ ಕ್ಲಬ್‌ನದು. ನನ್ನ ಮಟ್ಟಿಗೆ ಫಾರೆಸ್ಟ್‌ಗೆ ಶಿಕ್ಷೆ ಸರಿ, ಆ ಶಿಕ್ಷೆಗೆ ದಾರಿ ಮಾಡಿದ ನಿಯಮದ ರಚನೆ ಸರಿಯಿಲ್ಲ. ಅದೇ 2024ರ ಜೂನ್‌ನಲ್ಲಿ ನ್ಯೂಕಾಸಲ್ ಎದುರು ಕೂತು ಆ್ಯಂಡರ್ಸನ್ ಅವರನ್ನು ಕೊಂಡದ್ದು ಇದೇ ಫಾರೆಸ್ಟ್. ಪಾಠ ಚೆನ್ನಾಗಿಯೇ ಕಲಿತಿತ್ತು.

ಚೆಲ್ಸಿ ಹುಡುಕಿದ ಸಂದುಗಳು

ನಿಯಮ ಇದ್ದಲ್ಲಿ ಸಂದು ಹುಡುಕುವವರೂ ಇರುತ್ತಾರೆ. 2022ರಲ್ಲಿ ಹೊಸ ಮಾಲೀಕರ ಕೈಗೆ ಬಂದ ಚೆಲ್ಸಿ 2023ರ ಜನವರಿಯಲ್ಲಿ ಎನ್ಜೊ ಫರ್ನಾಂಡಿಸ್ ಅವರನ್ನು 10.68 ಕೋಟಿ ಪೌಂಡ್‌ಗೆ ಕೊಂಡು ಎಂಟೂವರೆ ವರ್ಷದ ಒಪ್ಪಂದ ಮಾಡಿಕೊಂಡಿತು. ಐದು ವರ್ಷಕ್ಕೆ ಹಂಚಿದ್ದರೆ ವರ್ಷಕ್ಕೆ 2.1 ಕೋಟಿಗೂ ಹೆಚ್ಚು ಖರ್ಚು ಬೀಳಬೇಕಿತ್ತು, ಎಂಟೂವರೆಗೆ ಹಂಚಿದಾಗ ಸುಮಾರು 1.25 ಕೋಟಿ. ಹೀಗೆ ಉಳಿದ ಜಾಗದಲ್ಲಿ ಮತ್ತೊಬ್ಬ, ಮಗದೊಬ್ಬ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 2023ರ ಬೇಸಿಗೆಯಲ್ಲಿ, ಪ್ರೀಮಿಯರ್ ಲೀಗ್ ಅದೇ ವರ್ಷದ ಡಿಸೆಂಬರಿನಲ್ಲಿ ಇದಕ್ಕೆ ಬೇಲಿ ಹಾಕಿದವು. ಒಪ್ಪಂದ ಎಷ್ಟು ಉದ್ದವಿದ್ದರೂ ಶುಲ್ಕ ಹಂಚುವುದು ಐದು ವರ್ಷಕ್ಕೆ ಮಾತ್ರ. ಹಳೆಯ ಒಪ್ಪಂದಗಳಿಗೆ ಅದು ತಗಲಲಿಲ್ಲ. ಉದ್ದದ ಒಪ್ಪಂದಕ್ಕೆ ಇನ್ನೊಂದು ಮುಖವೂ ಇದೆ. ಆಟಗಾರ ನೆಲಕಚ್ಚಿದರೆ ಅವನ ಸಂಬಳವೂ ಪುಸ್ತಕದ ಬೆಲೆಯೂ ಅಷ್ಟೇ ವರ್ಷ ಕ್ಲಬ್‌ನ ಕೊರಳಿಗೆ ಜೋತುಬಿದ್ದಿರುತ್ತವೆ.

ಆಮೇಲೆ ಬಂದದ್ದು ಹೋಟೆಲ್. ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನದ ಪಕ್ಕದ ಎರಡು ಹೋಟೆಲ್‌ಗಳನ್ನು ಕ್ಲಬ್ ತನ್ನದೇ ಸೋದರ ಕಂಪನಿಗೆ 7.65 ಕೋಟಿ ಪೌಂಡ್‌ಗೆ ಮಾರಿತು. ಮುಂದಿನ ವರ್ಷ ಮಹಿಳಾ ತಂಡವನ್ನು ಸುಮಾರು 20 ಕೋಟಿಗೆ ಮಾತೃ ಕಂಪನಿಗೆ ಮಾರಿತು. ಬಲಗೈಯಿಂದ ಎಡಗೈಗೆ. 2023-24ರಲ್ಲಿ ಚೆಲ್ಸಿ ತೋರಿಸಿದ ಲಾಭ 12.84 ಕೋಟಿ ಪೌಂಡ್! ಪ್ರೀಮಿಯರ್ ಲೀಗ್ ನಿಯಮದಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. ಯುಇಎಫ್‌ಎ ಇಂಥ ಆದಾಯವನ್ನು ಒಪ್ಪುವುದಿಲ್ಲ. 2025ರ ಜುಲೈಯಲ್ಲಿ ಅದು ಚೆಲ್ಸಿಗೆ 3.1 ಕೋಟಿ ಯೂರೊ ದಂಡ ಹಾಕಿತು.

ಇಷ್ಟೆಲ್ಲ ಸರ್ಕಸ್ಸಿನ ನಡುವೆಯೂ ಅಕಾಡೆಮಿಯ ಹುಡುಗರು ಉಳಿಯಲಿಲ್ಲ. ಮೇಸನ್ ಮೌಂಟ್ 2023ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ಎಂಟನೇ ವಯಸ್ಸಿನಿಂದ ಚೆಲ್ಸಿಯಲ್ಲಿದ್ದ, ಹಿಂದಿನ ಋತುವಿನಲ್ಲಿ ಎಷ್ಟೋ ಪಂದ್ಯಗಳಿಗೆ ನಾಯಕನಾಗಿದ್ದ ಕಾನರ್ ಗ್ಯಾಲಘರ್ 2024ರ ಆಗಸ್ಟ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ಸೇರಿದರು. ಅದೇ ಹೊತ್ತಿಗೆ ಅಟ್ಲೆಟಿಕೊದಿಂದ ಚೆಲ್ಸಿಗೆ ಬಂದ ಜೊವಾವ್ ಫೆಲಿಕ್ಸ್ ಅವರನ್ನು ಐದೇ ತಿಂಗಳಿಗೆ ಮಿಲಾನ್‌ಗೆ ಲೋನ್ ಮೇಲೆ ಕಳಿಸಲಾಯಿತು. ಕ್ಲಬ್‌ಗಳು ತಮ್ಮ ಊರಿನ ಮಕ್ಕಳನ್ನು ಬೆಳೆಸಲಿ ಎಂದು ಅಕಾಡೆಮಿ ಖರ್ಚಿಗೆ ವಿನಾಯಿತಿ ಕೊಟ್ಟ ನಿಯಮವೇ, ಬೆಳೆದ ಮಕ್ಕಳನ್ನು ಮಾರಲು ಕ್ಲಬ್‌ಗಳನ್ನು ದೂಡಿದೆ.

ಗಾಳಿ ಊದುವವರು ಯಾರು?

ಗಾಳಿಸುದ್ದಿ ತಾನಾಗಿ ಹುಟ್ಟುವುದು ಕಡಿಮೆ. ಏಜೆಂಟನಿಗೆ ತನ್ನ ಆಟಗಾರನ ಸಂಬಳ ಏರಬೇಕು, ‘ಮ್ಯಾಡ್ರಿಡ್ ಕಣ್ಣಿಟ್ಟಿದೆ’ ಎಂಬ ಸಾಲು ಅದಕ್ಕೆ ಸಾಕು. ಮಾರುವ ಕ್ಲಬ್‌ಗೆ ಇನ್ನೊಬ್ಬ ಗಿರಾಕಿ ಇದ್ದಾನೆಂದು ತೋರಿಸಬೇಕು. ಕೊಳ್ಳುವ ಕ್ಲಬ್‌ಗೆ ಆಟಗಾರನ ಮನಸ್ಸು ಕದಡಬೇಕು. ಸುದ್ದಿ ಸುಳ್ಳೇ ಇರಬೇಕೆಂದಿಲ್ಲ, ಯಾರ ಅನುಕೂಲಕ್ಕೆ ಹೊರಬಂತು ಎಂಬುದು ಮುಖ್ಯ. ಇದನ್ನು ಅಳೆಯಲು ಒಪ್ಪಂದದ ಕೊನೆಯ ತಾರೀಕು ಒಳ್ಳೆಯ ಅಳತೆಗೋಲು.

ಅಲೆಕ್ಸಾಂಡರ್ ಇಸಾಕ್ ಪ್ರಕರಣ ತೆಗೆದುಕೊಳ್ಳಿ. 2025ರ ಬೇಸಿಗೆಯಲ್ಲಿ ಅವರು ನ್ಯೂಕಾಸಲ್ ಬಿಡಲೇಬೇಕೆಂದು ಹಟ ಹಿಡಿದರು, ತಂಡದ ಏಷ್ಯಾ ಪ್ರವಾಸಕ್ಕೆ ಹೋಗಲಿಲ್ಲ, ಕೊಟ್ಟ ಮಾತು ಮುರಿದಿದ್ದಾರೆಂದು ಬಹಿರಂಗವಾಗಿ ದೂರಿದರು. ಕ್ಲಬ್ ಅಂಥ ಮಾತು ಕೊಟ್ಟಿಲ್ಲವೆಂದಿತು. ಒಪ್ಪಂದ 2028ರವರೆಗೆ ಇದ್ದುದರಿಂದ ನ್ಯೂಕಾಸಲ್ ಸೆಪ್ಟೆಂಬರ್ 1ರವರೆಗೂ ಜಗ್ಗಿತು, ಕೊನೆಗೆ ಲಿವರ್‌ಪೂಲ್‌ನಿಂದ 12.5 ಕೋಟಿ ಪೌಂಡ್ ಪಡೆಯಿತು. ಇಂಗ್ಲಿಷ್ ಕ್ಲಬ್‌ಗಳ ಇತಿಹಾಸದಲ್ಲೇ ದೊಡ್ಡ ಮೊತ್ತ. 2022ರಲ್ಲಿ ಸುಮಾರು 6 ಕೋಟಿಗೆ ಆರು ವರ್ಷದ ಒಪ್ಪಂದದಲ್ಲಿ ಕೊಂಡಿದ್ದ ಆಟಗಾರನ ಬೆಲೆ ಪುಸ್ತಕದಲ್ಲಿ ಆಗ ಅರ್ಧಕ್ಕೆ ಇಳಿದಿತ್ತು. ಸ್ಥೂಲವಾಗಿ 9 ಕೋಟಿಗೂ ಮೀರಿದ ಲಾಭ.

ಅದೇ ವರ್ಷ ಲಿವರ್‌ಪೂಲ್‌ಗೆ ಆದದ್ದು ತದ್ವಿರುದ್ಧ. ಆರನೇ ವಯಸ್ಸಿನಿಂದ ಅಲ್ಲೇ ಬೆಳೆದ ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ಅವರ ಒಪ್ಪಂದ 2025ರ ಜೂನ್ 30ಕ್ಕೆ ಮುಗಿಯುವುದಿತ್ತು. ಬಾಸ್‌ಮನ್ ತೀರ್ಪಿನ ನಂತರದ ವ್ಯವಸ್ಥೆಯಲ್ಲಿ ಕೊನೆಯ ಆರು ತಿಂಗಳಲ್ಲಿ ಆಟಗಾರ ಹೊರದೇಶದ ಕ್ಲಬ್ ಜೊತೆ ಮಾತಾಡಿಕೊಳ್ಳಬಹುದು. ರಿಯಲ್ ಮ್ಯಾಡ್ರಿಡ್ ಅವರನ್ನು ಪುಕ್ಕಟೆ ಪಡೆಯಬಹುದಿತ್ತು. ಕ್ಲಬ್ ವಿಶ್ವಕಪ್‌ಗೆ ಒಂದು ತಿಂಗಳು ಮೊದಲೇ ಬೇಕೆಂದು ಸುಮಾರು 1 ಕೋಟಿ ಯೂರೊ ಕೊಟ್ಟಿತು. ಎರಡು ವರ್ಷ ಮೊದಲು ಮಾರಿದ್ದರೆ ಬಂದದ್ದೆಲ್ಲ ಶುದ್ಧ ಲಾಭವಾಗುತ್ತಿತ್ತು. ಆದರೆ ಮಾರದೆ ಇಟ್ಟುಕೊಂಡ ಲಿವರ್‌ಪೂಲ್ ಆ ಋತುವಿನಲ್ಲಿ ಲೀಗ್ ಗೆದ್ದಿತು. ಇದಕ್ಕೆ ಪುಸ್ತಕದಲ್ಲಿ ಕಾಲಂ ಇಲ್ಲ.

ನೂರಕ್ಕೆ ಎಂಬತ್ತೈದು

ಹೊಸ ನಿಯಮ ನಷ್ಟವನ್ನು ಬಿಟ್ಟು ಖರ್ಚನ್ನು ನೋಡುತ್ತದೆ. ಆಟಗಾರರು ಮತ್ತು ಮುಖ್ಯ ಕೋಚ್‌ನ ಸಂಬಳ, ವರ್ಷಕ್ಕೆ ಹಂಚಿದ ಶುಲ್ಕ, ಏಜೆಂಟ್ ಕಮಿಷನ್ ಇವೆಲ್ಲ ಸೇರಿ, ಫುಟ್‌ಬಾಲ್ ಆದಾಯ ಮತ್ತು ಆಟಗಾರರ ಮಾರಾಟದ ಲಾಭದ ಒಟ್ಟು ಮೊತ್ತದ ಶೇ 85ರೊಳಗೆ ಇರಬೇಕು. ಯುರೋಪಿನ ಟೂರ್ನಿಗಳಲ್ಲಿ ಆಡುವವರಿಗೆ ಯುಇಎಫ್‌ಎಯ ಶೇ 70ರ ಮಿತಿ ಹೇಗೂ ಇದೆ. ಲೆಕ್ಕ ಹಿಡಿಯುವುದು ಫುಟ್‌ಬಾಲ್ ಆದಾಯವನ್ನಾದ್ದರಿಂದ ಹೋಟೆಲ್ ಮಾರಾಟದ ಆಟ ಇಲ್ಲಿ ನಡೆಯದು. ನಿಗಾ ಇಡುವುದೂ ಶಿಕ್ಷೆ ಕೊಡುವುದೂ ಆಯಾ ಋತುವಿನಲ್ಲೇ, ಮೂರು ವರ್ಷದ ಹಳೆಯ ಕಡತ ಕೆದಕಿ ಅಂಕ ಕೀಳುವ ಪ್ರಸಂಗ ತಪ್ಪೀತು.

ವಿರೋಧ ಎಲ್ಲಿಂದ? ವರ್ಷಕ್ಕೆ 60 ಕೋಟಿ ಪೌಂಡ್ ಆದಾಯದ ಕ್ಲಬ್ 51 ಕೋಟಿ ಖರ್ಚು ಮಾಡಬಹುದು. 18 ಕೋಟಿ ಆದಾಯದ ಕ್ಲಬ್‌ಗೆ ಸಿಗುವುದು 15.3 ಕೋಟಿ. ಶೇಕಡಾವಾರು ಒಂದೇ, ಕಂದಕ ಅಷ್ಟೇ ಅಗಲ. ಈ ಅಂತರಕ್ಕೆ ಕಡಿವಾಣ ಹಾಕಲು, ಕೊನೆಯ ಸ್ಥಾನದ ಕ್ಲಬ್‌ಗೆ ಸಿಗುವ ಟಿವಿ ಮತ್ತು ಬಹುಮಾನದ ಹಣದ ಐದು ಪಟ್ಟಿಗಿಂತ ಹೆಚ್ಚು ಯಾರೂ ಖರ್ಚು ಮಾಡಬಾರದೆಂಬ ಇನ್ನೊಂದು ಪ್ರಸ್ತಾವವೂ ಅಂದು ಮತಕ್ಕೆ ಬಂದಿತ್ತು. ಅದು ಬಿದ್ದುಹೋಯಿತು. ದೊಡ್ಡ ಕ್ಲಬ್‌ಗಳಿಗೆ ಸ್ಪೇನ್, ಜರ್ಮನಿಯವರೆದುರು ಹಿಂದೆ ಬೀಳುವ ಭಯ. ಆಟಗಾರರ ಸಂಘಕ್ಕೆ ಇದು ಸಂಬಳದ ಮೇಲಿನ ಮಿತಿಯೇ ಬೇರೆ ವೇಷದಲ್ಲಿ ಬಂದಂತೆ ಕಂಡಿತ್ತು. ಸೌದಿ ಹಣದ ಬೆಂಬಲವಿರುವ ನ್ಯೂಕಾಸಲ್‌ನಂಥ ಕ್ಲಬ್‌ನ ಗೋಳು ಮತ್ತೊಂದು: ಮಾಲೀಕರ ತಿಜೋರಿ ತುಂಬಿದ್ದರೂ ಆದಾಯ ಬೆಳೆಯುವವರೆಗೆ ಅದನ್ನು ಆಟಗಾರರ ಮೇಲೆ ಸುರಿಯುವಂತಿಲ್ಲ. ಹಳೆಯ ನಿಯಮದಲ್ಲಿದ್ದ ಈ ಕಟ್ಟು ಹೊಸದರಲ್ಲೂ ಸಡಿಲವಾಗಿಲ್ಲ.

ಮನೆಯ ಕರುವಿನ ಕಥೆ? ಮಾರಾಟದ ಲಾಭವನ್ನು ಆದಾಯದ ಜೊತೆ ಕೂಡಿಸುವುದರಿಂದ ಆಸೆ ಹೋಗುವುದಿಲ್ಲ, ಸ್ವಲ್ಪ ತೆಳುವಾಗುತ್ತದೆ. ಹಿಂದೆ 3.5 ಕೋಟಿಯ ಶುದ್ಧ ಲಾಭ ಅಷ್ಟೇ ನಷ್ಟವನ್ನು ಅಳಿಸುತ್ತಿತ್ತು. ಈಗ ಅದರ ಶೇ 85, ಅಂದರೆ ಸುಮಾರು 3 ಕೋಟಿಯಷ್ಟು ಖರ್ಚಿಗೆ ಜಾಗ ಸಿಗುತ್ತದೆ. ಇತ್ತ ಅವನನ್ನು ಇಟ್ಟುಕೊಂಡರೆ ಖರ್ಚಿನ ಪಟ್ಟಿಗೆ ಸೇರುವುದು ಸಂಬಳ ಮಾತ್ರ, ಹಂಚಬೇಕಾದ ಶುಲ್ಕವಿಲ್ಲ. ಅವನ ಜಾಗಕ್ಕೆ ಹೊರಗಿನವನನ್ನು ತಂದರೆ ಎರಡೂ ಸೇರುತ್ತವೆ. ಪ್ರತಿಯೊಂದು ಪೌಂಡ್ ಖರ್ಚನ್ನೂ ಅಳೆಯುವ ನಿಯಮದಲ್ಲಿ ಇದು ಉಳಿಸಿಕೊಳ್ಳುವ ಪರವಾಗಿ ತೂಗುವ ವಾದ. ತಂಡಕ್ಕೆ ನಿಜಕ್ಕೂ ಬೇಕಾದ ಹುಡುಗ ಉಳಿಯಬಹುದು, ಹನ್ನೆರಡನೆಯವನಾಗಿ ಕಾಯುವ ಹುಡುಗ ಹಿಂದಿನಂತೆಯೇ ಬಿಕರಿಯಾದಾನು.

ಇನ್ನು ಆ್ಯಂಡರ್ಸನ್. ಫಾರೆಸ್ಟ್ ಸೇರಿ ಒಂದು ವರ್ಷ ದಾಟಿದ ಮೇಲೆ, 2025ರ ಸೆಪ್ಟೆಂಬರಿನಲ್ಲಿ ಅವರು ಇಂಗ್ಲೆಂಡ್ ತಂಡಕ್ಕೆ ಆಡಿದರು. ಅವರ ಒಪ್ಪಂದ 2029ರವರೆಗೆ. ನ್ಯೂಕಾಸಲ್ ಪುಸ್ತಕದಲ್ಲಿ ಸೊನ್ನೆಯಾಗಿದ್ದ ಹುಡುಗ ಫಾರೆಸ್ಟ್ ಪುಸ್ತಕದಲ್ಲಿ ಕೊಂಡ ಎತ್ತು. 3.5 ಕೋಟಿಯನ್ನು ಐದು ವರ್ಷಕ್ಕೆ ಹಂಚಿದರೆ 2026ರ ಜೂನ್ 30ಕ್ಕೆ ಉಳಿಯುವ ಬೆಲೆ 2.1 ಕೋಟಿ ಪೌಂಡ್. ಅವರ ಹೆಸರಿನ ಜೊತೆ ಯಾವ ದೊಡ್ಡ ಮೊತ್ತ ಸುದ್ದಿಯಾದರೂ, ಅದರಲ್ಲಿ ಇಷ್ಟನ್ನು ಕಳೆದರೆ ಫಾರೆಸ್ಟ್ ನಿಜವಾಗಿ ನೋಡುತ್ತಿರುವ ಅಂಕಿ ಸಿಗುತ್ತದೆ.